ಚಿಯಾ, ಸಬ್ಜಾ, ಕಾಮಕಸ್ತೂರಿ: ಹೆಸರಿನ ಗೊಂದಲ

ಚಿಯಾ ನಮ್ಮ ರೈತರಿಗೆ ಹೊಸ ಬೆಳೆ. 2010ರ ನಂತರದ ವರ್ಷಗಳಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ಪ್ರಯತ್ನದಿಂದ ಇದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಮುಂತಾದ ಕಡೆ ಬೇಸಾಯಕ್ಕೆ ಬಂದಿತು. ಆದರೆ ಸಬ್ಜಾ ಬೀಜವನ್ನೇ ಚಿಯಾ ಎಂದೂ, ಚಿಯಾವನ್ನು ಕಾಮಕಸ್ತೂರಿ ಎಂದೂ ಕರೆಯುವುದು ಕಂಡುಬರುತ್ತದೆ. ಸಬ್ಜಾ ಮತ್ತು ಕಾಮಕಸ್ತೂರಿ ಒಂದೇ ಗಿಡ. ಚಿಯಾ ಬೇರೆಯದೇ ಗಿಡ.

ಹೆಸರುಗಳ ಮೂಲ

ಚಿಯಾ, ಇಂಗ್ಲಿಷಿನಲ್ಲಿ 'ಸೇಜ್' ಎನ್ನುವ ಸಾಲ್ವಿಯಾ ಕುಲಕ್ಕೆ ಸೇರಿದೆ. ಮೆಕ್ಸಿಕೋ ಮೂಲನಿವಾಸಿಗಳ ನಾವಾಟ್ಲ್ ಭಾಷೆಯ 'ಚಿಯಾನ್' ಎಂಬ ಪದದಿಂದ ಈ ಹೆಸರು ಬಂದಿದೆ. ಲಿನೇಯಸ್ 1753ರಲ್ಲಿ ಇದನ್ನು ಸಾಲ್ವಿಯಾ ಹಿಸ್ಪಾನಿಕಾ ಎಂದು ಕರೆದನು. ಹಿಸ್ಪಾನಿಕಾ ಎಂದರೆ ಸ್ಪೇನಿನದು. ಗಿಡದ ತವರಾದರೋ ಮೆಕ್ಸಿಕೋ ಮತ್ತು ಗ್ವಾಟೆಮಾಲಾ! ಕ್ಯಾಲಿಫೋರ್ನಿಯಾದಲ್ಲಿ ಸಾಲ್ವಿಯಾ ಕೊಲಂಬೇರಿಯೇ ಎಂಬ ಮತ್ತೊಂದು ಸೇಜ್ ಗಿಡಕ್ಕೂ ಚಿಯಾ ಎಂದೇ ಹೆಸರು.

ಕಾಮಕಸ್ತೂರಿಯ ಶಾಸ್ತ್ರೀಯ ಹೆಸರು ಆಸಿಮಮ್ ಬೆಸಿಲಿಕಮ್. ಉತ್ತರ ಭಾರತದಲ್ಲಿ ಇದರ ಬೀಜವೇ ಸಬ್ಜಾ ಅಥವಾ ತುಕ್ಮರಿಯಾ. ಎರಡೂ ಗಿಡಗಳು ತುಳಸಿಯ ಕುಟುಂಬದವು. ಎರಡರ ಬೀಜಗಳೂ ನೆನೆಸಿದರೆ ಲೋಳೆ ಬಿಡುತ್ತವೆ. ಗೊಂದಲಕ್ಕೆ ಇದೇ ಕಾರಣ.

ಗುರುತಿಸುವ ಬಗೆ

1. ಬೀಜ: ಚಿಯಾ ಬೀಜ ನುಣುಪಾಗಿ ಹೊಳೆಯುತ್ತದೆ, ಬೂದು, ಕಪ್ಪು, ಕಂದು ಬಣ್ಣಗಳ ಚುಕ್ಕೆ-ಗೆರೆಗಳಿರುತ್ತವೆ. ಬಿಳಿ ಬೀಜಗಳೂ ಬೆರೆತಿರುವುದುಂಟು. ಕಾಮಕಸ್ತೂರಿ ಬೀಜ ಒಂದೇ ಸಮನೆ ಕಪ್ಪಾಗಿದ್ದು ಹೊಳಪು ಕಡಿಮೆ.

2. ನೀರಿನ ಪರೀಕ್ಷೆ: ಒಂದು ಚಮಚ ಬೀಜವನ್ನು ಲೋಟ ನೀರಿಗೆ ಹಾಕಬೇಕು. ಕಾಮಕಸ್ತೂರಿ ಕೆಲವೇ ನಿಮಿಷಗಳಲ್ಲಿ ಉಬ್ಬಿ, ಪ್ರತಿ ಬೀಜದ ಸುತ್ತ ಬೆಳ್ಳಗಿನ ಪೊರೆ ಕಾಣುತ್ತದೆ. ಚಿಯಾ ನಿಧಾನವಾಗಿ ನೆನೆದು, ಬೀಜಗಳು ಒಂದಕ್ಕೊಂದು ಅಂಟಿ ಗಂಜಿಯಂತಾಗುತ್ತವೆ.

3. ಎಲೆ: ಹಿಚುಕಿದರೆ ಕಾಮಕಸ್ತೂರಿ ಘಮಘಮಿಸುತ್ತದೆ. ಚಿಯಾ ಎಲೆಗೆ ಆ ಪರಿಮಳವಿಲ್ಲ.

4. ಹೂ: ಚಿಯಾ ಹೂವಿನಲ್ಲಿ ಎರಡು ಕೇಸರಗಳು, ಕಾಮಕಸ್ತೂರಿಯಲ್ಲಿ ನಾಲ್ಕು.

ತಪ್ಪಿದರೆ ನಷ್ಟ

ಚಿಯಾ ಹಗಲು ಕುಗ್ಗಿದಾಗ ಹೂ ಬಿಡುವ ಬೆಳೆ. ದೀರ್ಘ ಹಗಲಿನ ದಿನಗಳಲ್ಲಿ ಬಿತ್ತಿದರೆ ಹೂ ತಡವಾಗಿ, ಗಿಡ ಬರಿದೇ ಸೊಪ್ಪಾಗಿ ಬೆಳೆಯುತ್ತದೆ. ಕಾಮಕಸ್ತೂರಿಗೆ ಈ ಕಟ್ಟು ಇಲ್ಲ. ಆದ್ದರಿಂದ ಒಂದರ ಬೇಸಾಯಕ್ರಮ ಇನ್ನೊಂದಕ್ಕೆ ಹೊಂದದು. ಇನ್ನು ಮಾರಾಟದ ಮಾತು: ಚಿಯಾಕ್ಕೆ ಬೆಲೆ ಬಂದಿರುವುದು ಅದರ ಎಣ್ಣೆಯಲ್ಲಿ ಹೇರಳವಾಗಿರುವ ಒಮೆಗಾ-3 ಕೊಬ್ಬಿನಾಮ್ಲದಿಂದ. ಚಿಯಾ ಎಂದು ಒಪ್ಪಂದ ಮಾಡಿ ಕಾಮಕಸ್ತೂರಿ ಬೆಳೆದರೆ ಕೊಳ್ಳುವವರು ಮಾಲನ್ನು ತಿರಸ್ಕರಿಸಬಹುದು. ಒಂದು ಹಂಗಾಮಿನ ದುಡಿಮೆ ವ್ಯರ್ಥ.

ರೈತ ಬಾಂಧವರು ಬಿತ್ತನೆಬೀಜ ಕೊಳ್ಳುವಾಗ ಚೀಲದ ಮೇಲೂ ರಸೀದಿಯಲ್ಲೂ ಶಾಸ್ತ್ರೀಯ ಹೆಸರನ್ನು ಬರೆಸಿಕೊಳ್ಳಬೇಕು. ಬಿತ್ತುವ ಮುನ್ನ ಒಂದು ಲೋಟ ನೀರಿನ ಪರೀಕ್ಷೆಯನ್ನು ಮರೆಯಬಾರದು. ಬಿತ್ತಿ ಉಳಿದ ಬೀಜದಲ್ಲಿ ಒಂದು ಹಿಡಿಯನ್ನು ರಸೀದಿಯೊಡನೆ ಕಟಾವಿನವರೆಗೆ ಕಾಪಿಟ್ಟರೆ, ಮುಂದೆ ತಕರಾರು ಬಂದಾಗ ಅದೇ ಸಾಕ್ಷಿ.