ಬಾಟಲಿ ತುಂಬಿಯೇ ಮರಳಿ ಬಂದರೆ...

ಸಂಜೆ ನಾಲ್ಕೂವರೆ. ಶಾಲೆಯಿಂದ ಬಂದ ಮಗಳು ಚೀಲವನ್ನು ಕುರ್ಚಿಯ ಮೇಲೆ ಎಸೆದು ನೇರವಾಗಿ ಬಚ್ಚಲಿಗೆ ಓಡುತ್ತಾಳೆ. ಆಮೇಲೆ ಅಡಿಗೆಮನೆಗೆ ಬಂದು ಎರಡು ಲೋಟ ನೀರನ್ನು ಗಟಗಟನೆ ಕುಡಿಯುತ್ತಾಳೆ. ಅಮ್ಮ ಚೀಲ ತೆರೆದು ನೋಡಿದರೆ ಬೆಳಿಗ್ಗೆ ತುಂಬಿಸಿ ಕೊಟ್ಟ ಬಾಟಲಿ ಹಾಗೆಯೇ ಇದೆ! ‘ಇಡೀ ದಿನ ಒಂದು ಗುಟುಕೂ ಕುಡೀಲಿಲ್ವೇನೇ?’ ಎಂದು ಕೇಳಿದರೆ, ‘ಬಾಯಾರಿಕೇನೇ ಆಗ್ಲಿಲ್ಲಮ್ಮ’ ಎಂಬ ಉತ್ತರ.

ಎಷ್ಟೋ ಮನೆಗಳಲ್ಲಿ ದಿನವೂ ಕಾಣುವ ದೃಶ್ಯವಿದು. ಮಗಳನ್ನು ಗದರುವ ಮುನ್ನ ಒಂದು ಕ್ಷಣ ಯೋಚಿಸಿ. ಬಾಯಾರಿಕೆ ಆಗದವಳು ಮನೆಗೆ ಬಂದೊಡನೆ ಎರಡು ಲೋಟ ನೀರು ಕುಡಿದದ್ದೇಕೆ? ಅದಕ್ಕೂ ಮೊದಲು ಬಚ್ಚಲಿಗೆ ಓಡಿದ್ದೇಕೆ?

ನಮ್ಮ ದೇಹದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೀರೇ. ಬೆವರು, ಉಸಿರು, ಮೂತ್ರಗಳ ಮೂಲಕ ಅದು ಸದಾ ಖರ್ಚಾಗುತ್ತಿರುತ್ತದೆ. ನೀರು ಕಡಿಮೆಯಾದಾಗ ರಕ್ತದಲ್ಲಿ ಲವಣಾಂಶ ಸಾಂದ್ರವಾಗುತ್ತದೆ. ಮಿದುಳು ಇದನ್ನು ಗುರುತಿಸಿ ಬಾಯಾರಿಕೆ ಹುಟ್ಟಿಸುತ್ತದೆ; ಜೊತೆಗೆ, ನೀರನ್ನು ಉಳಿಸುವಂತೆ ಮೂತ್ರಪಿಂಡಗಳಿಗೆ ಹಾರ್ಮೋನಿನ ಮೂಲಕ ಸಂದೇಶ ಕಳುಹಿಸುತ್ತದೆ. ಆಗ ಮೂತ್ರ ಕಡಿಮೆಯಾಗಿ ಗಾಢ ಹಳದಿ ಬಣ್ಣಕ್ಕೆ ತಿರುಗುತ್ತದೆ. ಆದರೆ ಆಟದಲ್ಲಿ, ಪಾಠದಲ್ಲಿ ಮುಳುಗಿದ ಮಗು ಬಾಯಾರಿಕೆಯ ಈ ಕರೆಗೆ ಕಿವಿಗೊಡುವುದೇ ಇಲ್ಲ.

ದೇಹದ ತೂಕದ ಶೇಕಡಾ 2ರಷ್ಟು ನೀರು ಕಡಿಮೆಯಾದರೂ ಗಮನ ಚದುರುತ್ತದೆ, ತಲೆನೋವು, ಆಯಾಸ ಕಾಡಬಹುದು. 30 ಕಿಲೋ ತೂಕದ ಮಗುವಿಗೆ ಇದು ಸುಮಾರು 600 ಮಿಲಿಲೀಟರ್ ಮಾತ್ರ. ಮಧ್ಯಾಹ್ನದ ತರಗತಿಯಲ್ಲಿ ತೂಕಡಿಸುವ ಹುಡುಗನನ್ನು ಸೋಮಾರಿ ಎಂದು ಜರೆಯುವ ಮೊದಲು ಅವನ ಬಾಟಲಿಯನ್ನೊಮ್ಮೆ ನೋಡುವುದು ಒಳ್ಳೆಯದು.

ಹಾಗಾದರೆ ದಿನಕ್ಕೆಷ್ಟು ನೀರು ಬೇಕು? ಎಂಟು ಲೋಟ ಕುಡಿಯಲೇಬೇಕೆಂಬ ಕಟ್ಟುನಿಟ್ಟಿನ ನಿಯಮವೇನೂ ಇಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಪ್ರಕಟಿಸಿದ ಲೆಕ್ಕದಂತೆ 9ರಿಂದ 13 ವರ್ಷದ ಹುಡುಗರಿಗೆ 2.1 ಲೀಟರ್, ಹುಡುಗಿಯರಿಗೆ 1.9 ಲೀಟರ್ ಸಾಕು. ಅನ್ನ, ಸಾರು, ಹಣ್ಣು, ಹಾಲಿನಲ್ಲಿರುವ ನೀರೂ ಇದರಲ್ಲಿ ಸೇರಿದೆ. ಆದರೆ ಇದು ಹಿತವಾದ ಹವೆಯಲ್ಲಿರುವವರಿಗೆ ಹೇಳಿದ ಲೆಕ್ಕ. ರಾಯಚೂರು, ಕಲಬುರಗಿಯ ಬೇಸಿಗೆಗೆ, ಮೈದಾನದಲ್ಲಿ ಕಬಡ್ಡಿ ಆಡುವ ಮಕ್ಕಳಿಗೆ ಇನ್ನೂ ಹೆಚ್ಚು ಬೇಕು. ಮೂತ್ರ ತಿಳಿ ಹಳದಿಯಾಗಿದ್ದರೆ ಸಾಕಷ್ಟು ನೀರು ಸಿಗುತ್ತಿದೆ ಎಂದರ್ಥ. ಈ ಅಳತೆಗೋಲನ್ನು ಮಕ್ಕಳೇ ಕಲಿತುಕೊಳ್ಳಬಹುದು.

ಇನ್ನು ಬಚ್ಚಲಿಗೆ ಓಡಿದ ಮಾತು. ಅನೇಕ ಮಕ್ಕಳು, ಅದರಲ್ಲೂ ಹುಡುಗಿಯರು, ಶಾಲೆಯಲ್ಲಿ ನೀರು ಕುಡಿಯದಿರುವುದು ಮರೆವಿನಿಂದಲ್ಲ, ಬೇಕೆಂದೇ. ಶೌಚಾಲಯ ಗಲೀಜಾಗಿರುತ್ತದೆ, ಚಿಲಕ ಮುರಿದಿರುತ್ತದೆ, ನಲ್ಲಿಯಲ್ಲಿ ನೀರಿರುವುದಿಲ್ಲ. ತರಗತಿಯ ನಡುವೆ ಎದ್ದು ಕೇಳಲು ಸಂಕೋಚ. ಕೇಳಿದರೆ ‘ಈಗಲೇ ಹೋಗಬೇಕಾ?’ ಎಂಬ ಗದರಿಕೆಯ ಭಯ. ನೀರು ಕುಡಿದರೆ ತಾನೇ ಈ ಫಜೀತಿ ಎಂದು ಮಗು ತನ್ನದೇ ಉಪಾಯ ಕಂಡುಕೊಳ್ಳುತ್ತದೆ. ನೀರು ಕುಡಿಯದೆ, ಮೂತ್ರ ತಡೆದುಕೊಂಡೇ ದಿನ ಕಳೆಯುವುದು ರೂಢಿಯಾದರೆ ಮೂತ್ರದ ಸೋಂಕು, ಮಲಬದ್ಧತೆ ಬರುವ ಸಾಧ್ಯತೆ ಹೆಚ್ಚುತ್ತದೆ. ಮೂತ್ರಪಿಂಡದ ಕಲ್ಲಿಗೂ ಇದು ದಾರಿಯಾಗಬಹುದು.

2019ರಲ್ಲಿ ಕೇರಳದ ಶಾಲೆಗಳಲ್ಲಿ ‘ವಾಟರ್ ಬೆಲ್’ ಎಂಬ ಪದ್ಧತಿ ಸುದ್ದಿಯಾಯಿತು. ದಿನದಲ್ಲಿ ಕೆಲವು ಬಾರಿ ಗಂಟೆ ಬಾರಿಸಿದಾಗ ಮಕ್ಕಳೆಲ್ಲರೂ ಒಟ್ಟಿಗೆ ನೀರು ಕುಡಿಯಬೇಕು. ಅದೇ ವರ್ಷ ಕರ್ನಾಟಕದಲ್ಲೂ ಈ ಪ್ರಯತ್ನ ಆರಂಭವಾಯಿತು. ಸರಳವಾದ, ಖರ್ಚಿಲ್ಲದ ಉಪಾಯ ನಿಜ. ಆದರೆ ಗಂಟೆಯ ಜೊತೆಗೆ ಶುಚಿಯಾದ ಶೌಚಾಲಯವೂ, ಅಲ್ಲಿಗೆ ಹೋಗಿಬರಲು ಐದು ನಿಮಿಷವೂ ಬೇಕು. ಇಲ್ಲದಿದ್ದರೆ ಮಕ್ಕಳು ತುಟಿ ಒದ್ದೆ ಮಾಡಿಕೊಂಡು ಬಾಟಲಿ ಮುಚ್ಚುತ್ತಾರೆ, ಅಷ್ಟೇ.

ಪೋಷಕರು ಮಾಡಬಹುದಾದದ್ದು ಸಾಕಷ್ಟಿದೆ. ಬೆಳಿಗ್ಗೆ ತಿಂಡಿಯ ಜೊತೆ ಒಂದು ಲೋಟ ನೀರು ಕುಡಿಸಿ ಕಳುಹಿಸಿ. ಸಂಜೆ ನೀರುಮಜ್ಜಿಗೆ ಕೊಡಿ. ಬಂದವರಿಗೆ ಮೊದಲು ಬೆಲ್ಲ, ನೀರು ಕೊಟ್ಟು ಉಪಚರಿಸಿದ ನಾಡು ನಮ್ಮದು. ಬಣ್ಣದ ತಂಪು ಪಾನೀಯವನ್ನು ನೀರಿನ ಜಾಗಕ್ಕೆ ತರಬೇಡಿ, ಅದರಲ್ಲಿರುವ ಸಕ್ಕರೆಯೇ ವಿಪರೀತ. ಪರೀಕ್ಷೆಯ ದಿನಗಳಲ್ಲಿ ಓದುವ ಮೇಜಿನ ಮೇಲೆ ಒಂದು ತಂಬಿಗೆ ನೀರಿರಲಿ. ಹಾಗೆಂದು ಒಮ್ಮೆಲೇ ಲೀಟರುಗಟ್ಟಲೆ ಕುಡಿಸುವುದೂ ಸರಿಯಲ್ಲ. ಆಗಾಗ ಸ್ವಲ್ಪ ಸ್ವಲ್ಪ ಕುಡಿಯುವುದೇ ಸರಿ.

ಮುಖ್ಯವಾಗಿ, ಮುಂದಿನ ಪೋಷಕರ ಸಭೆಯಲ್ಲಿ ಅಂಕಗಳನ್ನು ವಿಚಾರಿಸಿದ ನಂತರ ಶೌಚಾಲಯವನ್ನೂ ಒಮ್ಮೆ ನೋಡಿ ಬನ್ನಿ. ಮಗಳನ್ನು ‘ನೀರು ಕುಡಿದೆಯಾ?’ ಎಂದಷ್ಟೇ ಕೇಳದೆ, ‘ಅಲ್ಲಿ ಹೋಗೋಕೆ ಆಗುತ್ತಾ ಪುಟ್ಟಾ?’ ಎಂದೂ ಕೇಳಿ. ಬಾಟಲಿ ತುಂಬಿಯೇ ಏಕೆ ಬಂತೆಂಬುದು ಆಗ ತಿಳಿಯುತ್ತದೆ.