ಮನಿ ಬಾಡಿಗಿ ಕೊಡ್ತೀರಾ? ತಾರೀಖು ಬರದಿಡ್ರಿ

ಚಳಿಗಾಲ ಬಂತಂದ್ರ ಮಾಗಡಿ ಕೆರಿಗೆ ಪಟ್ಟೆತಲಿ ಹೆಬ್ಬಾತು ಬರ್ತಾವು, ಅವನ್ನ ನೋಡಾಕ ಜನಾನೂ ಬರ್ತಾರ. ಗದಗಿನ ತ್ರಿಕೂಟೇಶ್ವರ, ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ, ಮುಂಡರಗಿ ಕಡೆ ಕಪ್ಪತಗುಡ್ಡ ನೋಡ್ಕೊಂಡು ಒಂದೆರಡು ರಾತ್ರಿ ಉಳೀತಾರ. ಅಂಥವರಿಗೆ ನೀವು ಮನಿ ಕೊಡ್ತಿದ್ರ, ಇವತ್ತ ಒಂದು ವಹಿ ಮಾಡ್ರಿ.

ಬಂದ ತಾರೀಖು, ಹೋದ ತಾರೀಖು, ಬಂದ ರೊಕ್ಕ. ಇಷ್ಟ ಸಾಲಂಗಿಲ್ಲ. ಮನಿ ಖಾಲಿ ಇದ್ದ ದಿನ ಬ್ಯಾರೆ, ನಿಮ್ಮ ಬೀಗರು ಬಂದು ಉಳದ ದಿನ ಬ್ಯಾರೆ ಬರೀರಿ.

ಯಾಕಂದ್ರ, ಬರೇ ಬಾಡಿಗಿ ಆದ್ರ ಆದಾಯ ತೆರಿಗಿ ಲೆಕ್ಕದಾಗ ಅದು ಮನಿ ಆಸ್ತಿಯ ಆದಾಯ. ಬಾಡಿಗಿದಾರರು ಸಿಗದ ಖಾಲಿ ಉಳದ ದಿನಕ್ಕ ವಿನಾಯ್ತಿ ಐತಿ, ಬೀಗರು ಉಳದ ದಿನಕ್ಕಿಲ್ಲ. ರಿಪೇರಿಗೆ ಎಷ್ಟ ಖರ್ಚಾಗ್ಲಿ, ಸ್ಥಳೀಯ ತೆರಿಗಿ ಕಳದು ಉಳದಿದ್ದರಾಗ 30% ಮಾತ್ರ ಬಿಡ್ತಾರ.

ಊಟ, ಸ್ವಚ್ಛತಾ ಎಲ್ಲಾ ಕೊಟ್ಟು ಹೋಮ್‌ಸ್ಟೇ ನಡಸಿ, ಪೂರ್ತಿ ಲೆಕ್ಕ ಇಟ್ಟು ವ್ಯಾಪಾರದ ಆದಾಯ ತೋರಸೋರು ಇದನ್ನ ಚೊಲೋತ್ನಾಗ ಕೇಳ್ರಿ. ಹೊಸಾ ಎಸಿ ಹಚ್ಚಿದ ವರ್ಷ ಅದು 180 ದಿನಕ್ಕಿಂತ ಕಡಿಮಿ ಬಳಕಿಯಾಗಿದ್ರ, ಸವಕಳಿ ಅರ್ಧಾನ ಸಿಗ್ತದ. ಅಕ್ಟೋಬರ್ 3ಕ್ಕ ಚಾಲೂ ಮಾಡಿದ್ರ ಮಾರ್ಚ್ 31ಕ್ಕ ಸರಿಯಾಗಿ 180. ಅಕ್ಟೋಬರ್ 4 ಅಂದ್ರ 179! ಲೀಪ್ ವರ್ಷದಾಗ ಒಂದು ದಿನ ಹೆಚ್ಚು ಸಿಗ್ತದ, ಅಷ್ಟ. ಇಲ್ಲಿ ಖರೀದಿ ಬಿಲ್ಲಿನ ತಾರೀಖು ಒಂದ ಸಾಲಂಗಿಲ್ಲ, ಬಳಕಿ ಶುರುವಾದ ತಾರೀಖು ಬೇಕು. ಹಚ್ಚಿದ ಮಿಸ್ತ್ರಿ ಕಡೆ ತಾರೀಖು ಹಾಕಿದ ರಸೀದಿ ಆವತ್ತ ಇಸ್ಕೊಳ್ರಿ.