ಹಳೆಯ ಸರಕು ವಾಹನಗಳ ತುಕ್ಕು ನಿವಾರಣೆ: ಸರಿಯಾದ ಕ್ರಮ

ಸಣ್ಣ ಉದ್ದಿಮೆಗೆ ಸರಕು ವಾಹನವು ಯಂತ್ರೋಪಕರಣಗಳಷ್ಟೇ ಮುಖ್ಯವಾದ ಆಸ್ತಿ. ಎಂಜಿನ್ ಸುಸ್ಥಿತಿಯಲ್ಲಿದ್ದರೂ ಬಾಡಿಗೆ ತುಕ್ಕು ಹಿಡಿದು ಅನೇಕ ವಾಹನಗಳು ಅವಧಿಗೆ ಮುನ್ನವೇ ಮೂಲೆ ಸೇರುತ್ತವೆ. 8 ವರ್ಷ ದಾಟಿದ ಸಾರಿಗೆ ವಾಹನಗಳು ಎಫ್.ಸಿ. ಎಂದೇ ಪರಿಚಿತವಾದ ಅರ್ಹತಾ ಪತ್ರವನ್ನು ಪ್ರತಿ ವರ್ಷ ನವೀಕರಿಸಿಕೊಳ್ಳಬೇಕು. ಆಗ ಅವಸರದಿಂದ ಪುಟ್ಟಿ ಮೆತ್ತಿ ಬಣ್ಣ ಹೊಡೆಸುವುದುಂಟು. ಹೀಗೆ ವ್ಯಯಿಸಿದ ಹಣ ಮಳೆಗಾಲದ ನೀರಿನಲ್ಲಿ ಕೊಚ್ಚಿ ಹೋದಂತೆಯೇ ಸರಿ.

ತುಕ್ಕಿನ ಸ್ವರೂಪ

ಕಬ್ಬಿಣವು ನೀರು ಮತ್ತು ಆಮ್ಲಜನಕದೊಡನೆ ವರ್ತಿಸಿ ತುಕ್ಕಾಗುತ್ತದೆ. ಉಪ್ಪಿನ ಅಂಶ ಈ ಕ್ರಿಯೆಯನ್ನು ತ್ವರಿತಗೊಳಿಸುವುದರಿಂದ ಕರಾವಳಿಯಲ್ಲಿ ಓಡುವ, ಮೀನು ಅಥವಾ ರಸಗೊಬ್ಬರ ಸಾಗಿಸುವ ವಾಹನಗಳಿಗೆ ಹಾನಿ ಅಧಿಕ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸಿ ಬಣ್ಣವನ್ನು ಉಬ್ಬಿಸುತ್ತದೆ. ಉಬ್ಬು ಹೊರಗೆ ಕಾಣುವ ವೇಳೆಗೆ ಒಳಗಿನ ತಗಡು ಬಹಳಷ್ಟು ಸವೆದಿರಬಹುದು.

ದುರಸ್ತಿಯ ಹಂತಗಳು

ಮೊದಲು ವಾಹನವನ್ನು ತೊಳೆದು ಸಂಪೂರ್ಣ ಒಣಗಿಸಬೇಕು. ಮೇಲ್ಮೈ ತುಕ್ಕಾಗಿದ್ದರೆ ತಂತಿ ಬ್ರಷ್ ಹಾಗೂ ಎಮರಿ ಕಾಗದದಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಎಣ್ಣೆಯ ಅಂಶವನ್ನು ಒರೆಸಿ, ತಡಮಾಡದೆ ಎಪಾಕ್ಸಿ ಪ್ರೈಮರ್ ಹಚ್ಚತಕ್ಕದ್ದು. ಬರಿಯ ಲೋಹವನ್ನು ರಾತ್ರಿಯಿಡೀ ತೆರೆದಿಟ್ಟರೆ ತೇವಾಂಶದಿಂದ ಮತ್ತೆ ತುಕ್ಕು ಮೂಡುತ್ತದೆ.

ತೂತು ಬಿದ್ದ ತಗಡಿಗೆ ಪುಟ್ಟಿ ಪರಿಹಾರವಲ್ಲ. ಪುಟ್ಟಿ ತೇವವನ್ನು ಹೀರಿಕೊಂಡು ಒಳಗಿನ ತುಕ್ಕನ್ನು ಪೋಷಿಸುತ್ತದೆ. ಗಟ್ಟಿ ಲೋಹ ಸಿಗುವವರೆಗೆ ಆ ಭಾಗವನ್ನು ಕತ್ತರಿಸಿ, ಅಷ್ಟೇ ದಪ್ಪದ ಹೊಸ ತಗಡನ್ನು ಬೆಸೆಯಬೇಕು. ಒಂದೇ ಸಮನೆ ಬೆಸೆದರೆ ತಗಡು ಶಾಖದಿಂದ ಸೊಟ್ಟಗಾಗುವುದರಿಂದ ಬಿಡಿ ಬಿಡಿಯಾಗಿ ಚುಕ್ಕೆ ಹಾಕುತ್ತಾ ಸಾಗುವುದು ಲೇಸು. ಬೆಸುಗೆಗೆ ಮುನ್ನ ಬ್ಯಾಟರಿಯ ಸಂಪರ್ಕ ಕಳಚುವುದು, ಸಮೀಪದ ಇಂಧನ ಟ್ಯಾಂಕ್ ಅಥವಾ ಅನಿಲ ಸಿಲಿಂಡರನ್ನು ದೂರವಿಡುವುದು ಅತ್ಯಗತ್ಯ.

ಬೆಸುಗೆಯ ನಂತರ ಪ್ರೈಮರ್, ಜೋಡಣೆಗಳಿಗೆ ಸೀಲರ್, ಅಗತ್ಯವಿದ್ದಲ್ಲಿ ತೆಳುವಾದ ಪುಟ್ಟಿ, ಕೊನೆಯಲ್ಲಿ ಬಣ್ಣ. ಟೊಳ್ಳು ಭಾಗಗಳ ಒಳಗೆ ಮೇಣದ ಲೇಪನ ಸಿಂಪಡಿಸಬೇಕು. ಬಾಗಿಲಿನ ಕೆಳಗಿನ ನೀರು ಬಸಿಯುವ ರಂಧ್ರಗಳನ್ನು ಮುಚ್ಚಕೂಡದು. ಹಳೆಯ ತುಕ್ಕಿನ ಮೇಲೆಯೇ ಅಡಿಭಾಗಕ್ಕೆ ಕಪ್ಪು ಲೇಪನ ಬಳಿದರೆ ತೇವವು ಒಳಗೇ ಉಳಿದು ನಷ್ಟ ದ್ವಿಗುಣವಾಗುತ್ತದೆ. ಭಾರ ಹೊರುವ ಷಾಸಿ ತುಕ್ಕಿನಿಂದ ಪದರು ಪದರಾಗಿ ಏಳುತ್ತಿದ್ದರೆ ತೇಪೆ ಹಾಕಿಸದೆ, ತಯಾರಕರ ಸೂಚನೆಗಳನ್ನು ಬಲ್ಲ ತಜ್ಞರಿಗೆ ತೋರಿಸತಕ್ಕದ್ದು. ಇಲ್ಲಿ ಚಾಲಕನ ಪ್ರಾಣದ ಪ್ರಶ್ನೆಯಿದೆ.

ಖರೀದಿದಾರರಿಗೆ ಸೂಚನೆ

ಹಳೆಯ ವಾಹನ ಕೊಳ್ಳುವ ವರ್ತಕರು ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವನ್ನು ಬಾಗಿಲಿನ ಕೆಳಅಂಚು ಹಾಗೂ ಚಕ್ರದ ಕಮಾನುಗಳ ಮೇಲೆ ಇಟ್ಟು ನೋಡಬೇಕು. ಉಕ್ಕಿನ ತಗಡು ಇರಬೇಕಾದ ಕಡೆ ಅಯಸ್ಕಾಂತ ಹಿಡಿಯದಿದ್ದರೆ, ಹೊಳೆಯುವ ಬಣ್ಣದಡಿ ದಪ್ಪ ಪುಟ್ಟಿ ಇದೆಯೆಂದು ಅನುಮಾನಿಸಬೇಕು. ದುರಸ್ತಿ ಮಾಡಿಸುವವರು ಬಣ್ಣ ಹೊಡೆಯುವ ಮೊದಲು ಒಮ್ಮೆ ಗ್ಯಾರೇಜಿಗೆ ಹೋಗಿ ಬರಿಯ ಲೋಹವನ್ನು ಕಣ್ಣಾರೆ ಕಂಡರೆ, ತೆತ್ತ ಹಣಕ್ಕೆ ತಕ್ಕ ಕೆಲಸವಾಗಿದೆಯೇ ಎಂಬುದು ತಿಳಿಯುತ್ತದೆ.